ಅಪ್ಪ-ಅಮ್ಮನ ಗ್ರೀನ್ ಕಾರ್ಡ್: ಮೆಡಿಕಲ್ ತಪಾಸಣೆ, ಮೊದಲ ಪ್ರಯಾಣ, ಊರಿಗೆ ಹೋಗಿಬರುವ ಲೆಕ್ಕ

ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: ‘ಅಪ್ಪ-ಅಮ್ಮನಿಗೆ ಗ್ರೀನ್ ಕಾರ್ಡ್ ಆಗುತ್ತಿದೆ. ಮೆಡಿಕಲ್‌ನಲ್ಲಿ ಏನೇನು ನೋಡುತ್ತಾರೆ? ಆಮೇಲೆ ಊರಿನಲ್ಲೇ ಇದ್ದುಕೊಂಡು, ಆರು ತಿಂಗಳಿಗೊಮ್ಮೆ ಬಂದು ಮುಖ ತೋರಿಸಿ ಹೋದರೆ ಸಾಕಲ್ಲವೇ?’ ಮೊದಲನೆಯದಕ್ಕೆ ಉತ್ತರ ಉದ್ದ. ಎರಡನೆಯದಕ್ಕೆ ಒಂದೇ ಮಾತು: ಸಾಲದು. ಗ್ರೀನ್ ಕಾರ್ಡ್ ಎಂದರೆ ಅಮೆರಿಕದಲ್ಲಿ ಮನೆಮಾಡಿಕೊಂಡು ಬಾಳಲು ಕೊಟ್ಟ ಅನುಮತಿ. ನೆಂಟರ ಹಾಗೆ ಬಂದುಹೋಗುವವರಿಗೆ ಪ್ರವಾಸಿ ವೀಸಾ ಬೇರೆಯೇ ಇದೆ. ಈ ವ್ಯತ್ಯಾಸ ಹೆತ್ತವರಿಗೆ ಮೊದಲೇ ತಿಳಿಯದೆ, ವಿಮಾನ ನಿಲ್ದಾಣದಲ್ಲಿ ಅಧಿಕಾರಿಯ ಎದುರು ನಿಂತಾಗ ತಿಳಿಯುವುದು ಬಹಳ ನೋವಿನ ಸಂಗತಿ. ಅದಕ್ಕಾಗಿಯೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನಾನು ವಕೀಲನಲ್ಲ. ನನ್ನ ಹೆತ್ತವರ ಕಡತವನ್ನು ಮೊದಲ ಅರ್ಜಿಯಿಂದ ಕಾರ್ಡ್ ಕೈಸೇರುವವರೆಗೆ ನಾನೇ ನೋಡಿಕೊಂಡೆ. ಆಮೇಲೆ ಹಲವು ಪರಿಚಿತ ಕುಟುಂಬಗಳ ಜೊತೆ ಕುಳಿತು ಅರ್ಜಿಗಳನ್ನು ತುಂಬಿಸಿದ್ದೇನೆ. ಶುಲ್ಕ ಮತ್ತು ನಿಯಮಗಳು ಬದಲಾಗುತ್ತಲೇ ಇರುತ್ತವೆ. ಹಣ ಕಟ್ಟುವ ದಿನ, ಅರ್ಜಿ ಕಳಿಸುವ ದಿನ ಸರ್ಕಾರಿ ಜಾಲತಾಣವನ್ನು ಇನ್ನೊಮ್ಮೆ ನೋಡಿಯೇ ಮುಂದುವರಿಯಿರಿ. ಹಳೆಯ ವೀಸಾ ಉಲ್ಲಂಘನೆ, ಪೊಲೀಸ್ ಪ್ರಕರಣ, ಹಿಂದೆ ತಿರಸ್ಕೃತವಾದ ಅರ್ಜಿ ಇಂಥವು ಇದ್ದರೆ ವಲಸೆ ವಕೀಲರನ್ನು ಕಾಣದೆ ಹೆಜ್ಜೆ ಇಡಬೇಡಿ.

1. ಮೊದಲು ದಾರಿ ಯಾವುದೆಂದು ತೀರ್ಮಾನಿಸಿ

ತಂದೆ-ತಾಯಿಗಾಗಿ ಅರ್ಜಿ ಹಾಕಲು ಮಗ ಅಥವಾ ಮಗಳಿಗೆ ಅಮೆರಿಕದ ಪೌರತ್ವ ಇರಬೇಕು, 21 ವರ್ಷ ತುಂಬಿರಬೇಕು. ನಿಮ್ಮ ಬಳಿ ಇರುವುದು ಗ್ರೀನ್ ಕಾರ್ಡ್ ಮಾತ್ರವಾದರೆ ಹೆತ್ತವರಿಗೆ ಅರ್ಜಿ ಹಾಕಲು ಬರುವುದಿಲ್ಲ. ಪೌರರ ಹೆತ್ತವರ ವರ್ಗಕ್ಕೆ ವಾರ್ಷಿಕ ಮಿತಿ ಇಲ್ಲ. ಹಾಗಾಗಿ ಅಣ್ಣ-ತಮ್ಮಂದಿರ ವರ್ಗದಲ್ಲಿರುವಂತೆ ವರ್ಷಗಟ್ಟಲೆ ಸರದಿಗೆ ಕಾಯಬೇಕಾಗಿಲ್ಲ. ಕಡತ ಮುಂದೆ ಸಾಗಲು ಹಿಡಿಯುವ ಕಾಲವಷ್ಟೇ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಈ ವರ್ಗದಲ್ಲಿ ಒಬ್ಬರ ಅರ್ಜಿಯ ಬೆನ್ನಿಗೆ ಇನ್ನೊಬ್ಬರು ಬರುವಂತಿಲ್ಲ. ಅಪ್ಪನಿಗೊಂದು, ಅಮ್ಮನಿಗೊಂದು ಎಂದು ಎರಡು ಐ-130 ಅರ್ಜಿಗಳನ್ನು (ರಕ್ತಸಂಬಂಧವನ್ನು ಸಾಬೀತುಮಾಡುವ ಮೊದಲ ಅರ್ಜಿ) ಹಾಕಬೇಕು. ಊರಿನಲ್ಲಿರುವ ಮದುವೆಯಾಗದ ತಂಗಿ ಇದರೊಳಗೆ ಸೇರುವುದಿಲ್ಲ. ‘ಅಪ್ಪ-ಅಮ್ಮನ ಜೊತೆ ಅವಳೂ ಬಂದುಬಿಡಲಿ’ ಎಂದುಕೊಂಡು ಮನೆ ಮಾರಿದ ಮೇಲೆ ಈ ಸಂಗತಿ ತಿಳಿದರೆ ಆಗುವ ಸಂಕಟ ದೊಡ್ಡದು.

ಅರ್ಜಿ ಮುಂದೆ ಸಾಗಲು ಎರಡು ದಾರಿಗಳಿವೆ. ಹೆತ್ತವರು ಊರಿನಲ್ಲಿದ್ದರೆ ಕಡತ ಅಮೆರಿಕದ ರಾಷ್ಟ್ರೀಯ ವೀಸಾ ಕೇಂದ್ರದ ಮೂಲಕ ಭಾರತದ ಅಮೆರಿಕನ್ ಕಾನ್ಸುಲೇಟ್‌ಗೆ ಹೋಗುತ್ತದೆ. ಕರ್ನಾಟಕದ ಹೆತ್ತವರಿಗೆ ಸಂದರ್ಶನ ಸಾಮಾನ್ಯವಾಗಿ ಮುಂಬೈಯಲ್ಲಿ. ಹೆತ್ತವರು ಈಗಾಗಲೇ ಅಮೆರಿಕದಲ್ಲಿದ್ದರೆ ಐ-485 ಅರ್ಜಿ ಹಾಕಿ, ಇಲ್ಲಿಂದಲೇ ಖಾಯಂ ನಿವಾಸಿಯಾಗಲು ಕೇಳಬಹುದು. ಯಾವ ವೈದ್ಯರು, ಯಾವ ಪರೀಕ್ಷೆ, ಯಾವಾಗ ವಿಮಾನ ಹತ್ತಬಹುದು ಎಂಬುದೆಲ್ಲ ಈ ಎರಡರಲ್ಲಿ ಬೇರೆ ಬೇರೆ. ಒಬ್ಬರ ಅನುಭವವನ್ನು ಕೇಳಿಕೊಂಡು ಇನ್ನೊಂದು ದಾರಿಯಲ್ಲಿ ನಡೆಯಬೇಡಿ.

ಎಚ್ಚರಿಕೆ: ಇಲ್ಲೇ ಉಳಿದು ಅರ್ಜಿ ಹಾಕುವ ಉದ್ದೇಶವನ್ನು ಮನಸ್ಸಿನಲ್ಲಿಟ್ಟುಕೊಂಡು, ‘ಮೊಮ್ಮಗುವನ್ನು ನೋಡಿ ಹೋಗುತ್ತೇವೆ’ ಎಂದು ಹೇಳಿಸಿ ಹೆತ್ತವರನ್ನು ಪ್ರವಾಸಿ ವೀಸಾದಲ್ಲಿ ಕರೆಸಿಕೊಳ್ಳಬೇಡಿ. ಅಧಿಕಾರಿಗೆ ಸುಳ್ಳು ಹೇಳಿ ಪ್ರವೇಶಿಸಿದರೆಂದು ತೀರ್ಮಾನವಾದರೆ ಮುಂದೆ ಯಾವ ವೀಸಾಕ್ಕೂ ಅದು ಅಡ್ಡ ನಿಲ್ಲುತ್ತದೆ.

ಇನ್ನೊಂದು ಮಾತು. ಹೆತ್ತವರಿಗೆ ನಿಜವಾಗಿ ಇಲ್ಲಿ ಬಂದು ನೆಲೆಸುವ ಮನಸ್ಸಿದೆಯೇ ಎಂದು ಅವರನ್ನೇ ಕೇಳಿ. ತೋಟ, ಮನೆ, ಅಕ್ಕಪಕ್ಕದವರು, ವರ್ಷಕ್ಕೊಮ್ಮೆಯ ಜಾತ್ರೆ ಎಲ್ಲವನ್ನೂ ಬಿಟ್ಟು ಬರಲು ಅವರು ಸಿದ್ಧರಿಲ್ಲದಿದ್ದರೆ ಪ್ರವಾಸಿ ವೀಸಾವೇ ಒಳ್ಳೆಯದು. ಅದು ಭಾರತೀಯರಿಗೆ ಸಾಮಾನ್ಯವಾಗಿ 10 ವರ್ಷಕ್ಕೆ ಸಿಗುತ್ತದೆ, ಒಂದು ಭೇಟಿಗೆ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಬಹುದು. ಐ-130 ಹಾಕಿದ ಮೇಲೆ ಹೊಸ ಪ್ರವಾಸಿ ವೀಸಾ ಸಿಗುವುದು ಕಷ್ಟ, ಏಕೆಂದರೆ ನೆಲೆಸುವ ಉದ್ದೇಶವನ್ನು ನೀವೇ ಬರೆದುಕೊಟ್ಟಿರುತ್ತೀರಿ. ಆದ್ದರಿಂದ ಈ ಮಾತುಕತೆ ಅರ್ಜಿಗಿಂತ ಮೊದಲು ಆಗಬೇಕು.

2. ಕಾಗದಪತ್ರ

ತಾಯಿಗೆ ಅರ್ಜಿ ಹಾಕಲು ತಾಯಿಯ ಹೆಸರಿರುವ ನಿಮ್ಮ ಜನನ ಪ್ರಮಾಣಪತ್ರ ಬೇಕು. ತಂದೆಗೆ ಅದರ ಜೊತೆ ಅಪ್ಪ-ಅಮ್ಮನ ಮದುವೆಯ ದಾಖಲೆಯೂ ಬೇಕು. ಜನನ-ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕಿಂತ ಮೊದಲು ಹಳ್ಳಿಯಲ್ಲಿ ಹುಟ್ಟಿದ ಹೆತ್ತವರಿಗೆ ಜನನ ಪ್ರಮಾಣಪತ್ರ ಇಲ್ಲದಿರುವುದು ಮಾಮೂಲು. ಆಗ ನೋಂದಣಾಧಿಕಾರಿಯಿಂದ ‘ದಾಖಲೆ ಲಭ್ಯವಿಲ್ಲ’ ಎಂಬ ಪ್ರಮಾಣಪತ್ರ ಪಡೆದು, ಹುಟ್ಟಿನ ವಿಷಯ ಬಲ್ಲ ಹಿರಿಯರ ಪ್ರಮಾಣಿತ ಹೇಳಿಕೆಗಳನ್ನೂ ಶಾಲಾ ದಾಖಲೆಯನ್ನೂ ಸೇರಿಸಿ ಕೊಡಿ. ಕನ್ನಡದಲ್ಲಿರುವ ದಾಖಲೆಗಳಿಗೆಲ್ಲ ಇಂಗ್ಲಿಷ್ ಅನುವಾದ ಜೊತೆಗಿರಲಿ. ಭಾರತದಲ್ಲಿರುವವರ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ ಪಾಸ್‌ಪೋರ್ಟ್ ಸೇವಾ ಕೇಂದ್ರದ ಮೂಲಕ ಸಿಗುತ್ತದೆ.

ಹೆಸರಿನ ಗೊಂದಲವನ್ನು ಈ ಹಂತದಲ್ಲೇ ತೀರಿಸಿಕೊಳ್ಳಿ. ನಮ್ಮಲ್ಲಿ ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ. ಮತ್ತೊಂದರಲ್ಲಿ ಊರಿನ ಹೆಸರು ಪೂರ್ತಿಯಾಗಿ ಸೇರಿರುತ್ತದೆ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ ಎಲ್ಲ ಅರ್ಜಿಗಳಲ್ಲೂ, ಮೆಡಿಕಲ್ ನೋಂದಣಿಯಲ್ಲೂ, ವಿಮಾನದ ಟಿಕೆಟಿನಲ್ಲೂ ಇರಲಿ.

ಐ-864 ಎಂಬುದು ನೀವು ಹೆತ್ತವರ ಖರ್ಚು ಹೊರುತ್ತೀರೆಂದು ಸರ್ಕಾರಕ್ಕೆ ಬರೆದುಕೊಡುವ ಕರಾರು. ನಿಮ್ಮ ಆದಾಯ, ಬರಲಿರುವ ಹೆತ್ತವರನ್ನೂ ಸೇರಿಸಿ ಎಣಿಸಿದ ಕುಟುಂಬದ ಗಾತ್ರಕ್ಕೆ, ಬಡತನ ಮಟ್ಟದ ಶೇ. 125ರಷ್ಟಾದರೂ ಇರಬೇಕು. ಸಹಿ ಹಾಕುವ ಮೊದಲು ಓದಿ. ಇದು ಕಾನೂನಿನಲ್ಲಿ ನಿಲ್ಲುವ ಹೊಣೆ.

3. ಮೆಡಿಕಲ್‌ಗೆ ಮೊದಲು ಮನೆಯಲ್ಲಿ ಮಾಡಬೇಕಾದ್ದು

ಭಾರತದಲ್ಲಿ ಈ ತಪಾಸಣೆಯನ್ನು ‘ಪ್ಯಾನೆಲ್ ಫಿಸಿಶಿಯನ್’ ಮಾತ್ರ ಮಾಡಬಹುದು. ಅಂದರೆ ಅಮೆರಿಕನ್ ರಾಯಭಾರ ಕಚೇರಿ ಪಟ್ಟಿಮಾಡಿದ ವೈದ್ಯರು. ನಿಮ್ಮ ಕುಟುಂಬದ ವೈದ್ಯರು ಎಷ್ಟೇ ಹೆಸರುವಾಸಿಯಾಗಿರಲಿ, ಅವರ ವರದಿ ನಡೆಯುವುದಿಲ್ಲ. ಪಟ್ಟಿಯನ್ನು ಸಂದರ್ಶನದ ಸೂಚನೆಗಳ ಜೊತೆ ಕೊಟ್ಟಿರುತ್ತಾರೆ.

ಹೆತ್ತವರಿಗೆ ಫೋನ್ ಮಾಡಿ, ಕೆಳಗಿನವನ್ನು ಒಂದು ಚೀಲದಲ್ಲಿ ಹಾಕಿಡಲು ಹೇಳಿ.

ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ, ವೈದ್ಯರ ಚೀಟಿಯ ಸಮೇತ. ‘ಬೆಳಗ್ಗೆ ಒಂದು ಬಿಳಿ ಮಾತ್ರೆ, ರಾತ್ರಿ ಒಂದು ಗುಲಾಬಿ’ ಎಂದರೆ ಅಲ್ಲಿ ಕೆಲಸಕ್ಕೆ ಬಾರದು. ಔಷಧದ ಹೆಸರು ಮತ್ತು ಪ್ರಮಾಣ ಎರಡೂ ಬೇಕು.

ಶಸ್ತ್ರಚಿಕಿತ್ಸೆ ಆಗಿದ್ದರೆ ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶ. ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದಿದ್ದರೆ ಅದರ ವಿವರ. ಇದನ್ನು ಮುಚ್ಚಿಡಬೇಕೆಂದು ಅನೇಕ ಮನೆಗಳಲ್ಲಿ ಅನಿಸುತ್ತದೆ. ದಯವಿಟ್ಟು ಮುಚ್ಚಿಡಬೇಡಿ. ಖಿನ್ನತೆಗೆ ಮಾತ್ರೆ ತೆಗೆದುಕೊಂಡ ಮಾತ್ರಕ್ಕೆ ವೀಸಾ ತಪ್ಪುವುದಿಲ್ಲ. ಕೇಳಿದಾಗ ಸುಳ್ಳು ಹೇಳಿದರೆ ತಪ್ಪಬಹುದು.

ಎದೆಯ ಹಳೆಯ ಎಕ್ಸ್‌ರೇ ಫಿಲಂಗಳು. ಎಷ್ಟು ಹಳೆಯದಾದರೂ ಸರಿ. ಇದರ ಬೆಲೆ ಮುಂದಿನ ಹಂತದಲ್ಲಿ ತಿಳಿಯುತ್ತದೆ.

ಲಸಿಕೆ ಪಡೆದ ದಾಖಲೆಗಳು. ಅಮೆರಿಕ ಕೇಳುವ ಲಸಿಕೆಗಳ ಪಟ್ಟಿ ವಯಸ್ಸಿಗೆ ತಕ್ಕಂತೆ ಬದಲಾಗುತ್ತದೆ. ಎಂಎಂಆರ್, ಅಂದರೆ ದಡಾರ, ಮಂಗನಬಾವು, ರುಬೆಲ್ಲಾಗಳ ಲಸಿಕೆ, 1957ಕ್ಕಿಂತ ಮೊದಲು ಹುಟ್ಟಿದವರಿಗೆ ಬೇಕಾಗಿಲ್ಲ. ಧನುರ್ವಾಯು ಮತ್ತು ಗಂಟಲಮಾರಿಯ ಲಸಿಕೆ ಎಲ್ಲ ವಯಸ್ಸಿನವರಿಗೂ ಬೇಕು. ನ್ಯುಮೋನಿಯಾ ತಡೆಯುವ ನ್ಯೂಮೊಕಾಕಲ್ ಲಸಿಕೆ 65 ದಾಟಿದವರ ಪಟ್ಟಿಯಲ್ಲಿರುತ್ತದೆ. ಫ್ಲೂ ಲಸಿಕೆ ಆ ಜ್ವರದ ಹಂಗಾಮಿನಲ್ಲಿ ಬೇಕಾಗುತ್ತದೆ. ಸೀತಾಳೆ ಸಿಡುಬಿಗೆ ಲಸಿಕೆ ಅಥವಾ ರೋಗ ಬಂದು ಹೋಗಿದೆ ಎಂಬ ನಂಬಲರ್ಹ ವಿವರ ಬೇಕು. ರಕ್ತಪರೀಕ್ಷೆಯಲ್ಲಿ ಪ್ರತಿಕಾಯ ಕಂಡರೂ ಸಾಕು. ‘ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಬಂದಿತ್ತೇ?’ ಎಂದು ಕೇಳಿದರೆ ಎಷ್ಟೋ ತಾಯಂದಿರು ಇಲ್ಲವೆನ್ನುತ್ತಾರೆ. ‘ಅಮ್ಮ ಬಂದಿತ್ತೇ, ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದರೇ?’ ಎಂದು ಕೇಳಿ. ಯಾವ ವಯಸ್ಸಿನಲ್ಲಿ, ಯಾರ ಮನೆಯಲ್ಲಿ ಎಂಬುದೆಲ್ಲ ಆಗ ನೆನಪಾಗುತ್ತದೆ. ಹಾಗೆ ನೆನಪಾದದ್ದನ್ನು ವೈದ್ಯರಿಗೂ ಹೇಳಲಿ.

ದಾಖಲೆ ಇಲ್ಲದಿದ್ದರೆ ಲಸಿಕೆಯನ್ನು ಮತ್ತೆ ಹಾಕುತ್ತಾರೆ. ಅದರಿಂದ ಹಾನಿಯಿಲ್ಲ, ಖರ್ಚು ಮಾತ್ರ. ಎರಡು-ಮೂರು ಡೋಸ್‌ಗಳ ಸರಣಿ ಪೂರ್ತಿಯಾಗಿರಲೇಬೇಕೆಂದಿಲ್ಲ. ಆ ದಿನಕ್ಕೆ ಬಾಕಿಯಿರುವ ಡೋಸ್ ಹಾಕಿಸಿಕೊಂಡರೆ, ಉಳಿದದ್ದಕ್ಕೆ ಇನ್ನೂ ಕಾಲ ಬಂದಿಲ್ಲವೆಂದು ವೈದ್ಯರು ನಮೂದಿಸುತ್ತಾರೆ. ಕೋವಿಡ್ ಲಸಿಕೆಯ ಕಡ್ಡಾಯವನ್ನು 2025ರಲ್ಲಿ ತೆಗೆದುಹಾಕಿದ್ದಾರೆ. ಹಳೆಯ ಪಟ್ಟಿ ನೋಡಿ ಗಾಬರಿಯಾಗಬೇಡಿ.

4. ತಪಾಸಣೆಯ ದಿನ, ಮತ್ತು ಕ್ಷಯದ ವಿಷಯ

ತಪಾಸಣೆ ಸಂದರ್ಶನಕ್ಕಿಂತ ಮೊದಲು ಮುಗಿದಿರಬೇಕು, ಆದರೆ ತೀರಾ ಮೊದಲೂ ಆಗಬಾರದು. ವರದಿಗೆ ಸಾಮಾನ್ಯವಾಗಿ ಆರು ತಿಂಗಳ ಆಯುಷ್ಯ. ಕ್ಷಯಕ್ಕೆ ಸಂಬಂಧಿಸಿದ ಕೆಲವು ವರ್ಗೀಕರಣಗಳಲ್ಲಿ ಮೂರೇ ತಿಂಗಳು. ವೀಸಾದ ಅವಧಿಯೂ ಈ ವರದಿಯ ಅವಧಿಗೆ ಕಟ್ಟಿಕೊಂಡಿರುತ್ತದೆ. ಸಂದರ್ಶನದ ಪತ್ರ ಬರುವ ಮೊದಲೇ ‘ಒಂದು ಕೆಲಸ ಮುಗಿಯಲಿ’ ಎಂದು ಮೆಡಿಕಲ್ ಮಾಡಿಸಿದರೆ, ಕೈಗೆ ಸಿಗುವ ವೀಸಾದಲ್ಲಿ ಪ್ರಯಾಣಕ್ಕೆ ಕೆಲವೇ ವಾರ ಉಳಿದಿರಬಹುದು.

ಪಾಸ್‌ಪೋರ್ಟ್, ಸಂದರ್ಶನದ ಪತ್ರ, ಡಿಎಸ್-260 (ವಲಸೆ ವೀಸಾದ ಆನ್‌ಲೈನ್ ಅರ್ಜಿ) ದೃಢೀಕರಣದ ಪುಟ, ಫೋಟೋಗಳು ಮತ್ತು ಮೇಲೆ ಹೇಳಿದ ಚೀಲ ಜೊತೆಗಿರಲಿ. ಎತ್ತರ, ತೂಕ, ರಕ್ತದೊತ್ತಡ, ದೃಷ್ಟಿ, ಎದೆಬಡಿತ ನೋಡುತ್ತಾರೆ, ಹಳೆಯ ಕಾಯಿಲೆಗಳ ಬಗ್ಗೆ ಕೇಳುತ್ತಾರೆ. ಇದೆಲ್ಲ ಬೇಗ ಮುಗಿಯುತ್ತದೆ. ಮುಖ್ಯವಾದದ್ದು ಕ್ಷಯದ ಪರೀಕ್ಷೆ.

15 ವರ್ಷ ತುಂಬಿದವರಿಗೆ ಎದೆಯ ಎಕ್ಸ್‌ರೇ ಇರುತ್ತದೆ. ಇಗ್ರಾ ಎಂಬ ರಕ್ತಪರೀಕ್ಷೆಯೂ ಇದೆ. ಕ್ಷಯದ ಸೂಕ್ಷ್ಮಾಣು ಎಂದಾದರೂ ದೇಹವನ್ನು ಹೊಕ್ಕಿತ್ತೇ ಎಂಬುದನ್ನು ಅದು ಹೇಳುತ್ತದೆ, ಎರಡು ವರ್ಷ ದಾಟಿದ ಮಕ್ಕಳಿಗೂ ಅದನ್ನು ಮಾಡುತ್ತಾರೆ. ತೋಳಿನ ಮೇಲಿನ ಬಿಸಿಜಿ (ಕ್ಷಯದ ಲಸಿಕೆ) ಕಲೆಯಿಂದ ಇಗ್ರಾ ಫಲಿತಾಂಶ ಕೆಡುವುದಿಲ್ಲ. ಕೆಡುತ್ತಿದ್ದುದು ಚರ್ಮಕ್ಕೆ ಚುಚ್ಚಿ ನೋಡುವ ಹಳೆಯ ಪರೀಕ್ಷೆ. ಇಗ್ರಾ ಪಾಸಿಟಿವ್ ಬಂದರೆ ರೋಗ ಇದೆ ಎಂದಲ್ಲ. ಎಕ್ಸ್‌ರೇ ಸ್ವಚ್ಛವಾಗಿದ್ದು ರೋಗದ ಲಕ್ಷಣಗಳಿಲ್ಲದಿದ್ದರೆ ಅದನ್ನು ಸುಪ್ತ ಸೋಂಕು ಎಂದು ಬರೆಯುತ್ತಾರೆ. ಅದರಿಂದ ವೀಸಾ ನಿಲ್ಲುವುದಿಲ್ಲ.

ಎಕ್ಸ್‌ರೇಯಲ್ಲಿ ಕಲೆ ಕಂಡರೆ ಮಾತ್ರ ದಾರಿ ಉದ್ದವಾಗುತ್ತದೆ. ನನ್ನ ತಂದೆಗೆ ಆದದ್ದು ಇದೇ. ಯೌವನದಲ್ಲಿ ಕ್ಷಯ ಬಂದು, ಚಿಕಿತ್ಸೆ ಪಡೆದು ಗುಣವಾಗಿ, ಮನೆಯಲ್ಲಿ ಆ ಮಾತನ್ನೇ ಯಾರೂ ಎತ್ತದೆ ದಶಕಗಳು ಕಳೆದಿದ್ದವು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಹೆಬ್ಬೆರಳಿನ ಉಗುರಿನಷ್ಟು ಬೆಳ್ಳಗಿನ ಮಚ್ಚೆ ಎಕ್ಸ್‌ರೇಯಲ್ಲಿ ಎದ್ದು ಕಂಡಿತು. ಸತತ ಮೂರು ದಿನ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ, ಸಿಬ್ಬಂದಿಯ ಎದುರೇ ಕಫ ತೆಗೆದು ಪುಟ್ಟ ಡಬ್ಬಿಗೆ ಕೊಟ್ಟರು. ಒಣಕೆಮ್ಮೂ ಇಲ್ಲದ ಮನುಷ್ಯ, ಕಫ ಎಲ್ಲಿಂದ ತರುವುದು? ಉಪ್ಪುನೀರಿನ ಆವಿ ಹಿಡಿಸಿ ತೆಗೆಸಿದರು. ಆ ಕಫವನ್ನು ಪ್ರಯೋಗಾಲಯದಲ್ಲಿ ಕೃಷಿ ಮಾಡಿ (ಸೂಕ್ಷ್ಮಾಣು ಬೆಳೆಯುತ್ತದೆಯೇ ಎಂದು ಕಾದು ನೋಡುವುದು) ಫಲಿತಾಂಶ ಕೊಡಲು ಎಂಟು ವಾರ. ಕೊನೆಗೆ ಏನೂ ಬೆಳೆಯಲಿಲ್ಲ, ವೀಸಾ ಬಂತು. ಟಿಕೆಟಿನ ದುಡ್ಡು ಮಾತ್ರ ಹೋಯಿತು.

ಇದರಿಂದ ನೀವು ತಿಳಿಯಬೇಕಾದ್ದು ಮೂರು. ವೀಸಾ ಕೈಗೆ ಬರುವವರೆಗೆ ರದ್ದುಮಾಡಲಾಗದ ಟಿಕೆಟ್ ಕೊಳ್ಳಬೇಡಿ, ಮನೆ ಮಾರಬೇಡಿ. ಹಿಂದೆ ಕ್ಷಯ ಬಂದಿದ್ದರೆ ಚಿಕಿತ್ಸೆಯ ಕಾಗದ, ಹಳೆಯ ಎಕ್ಸ್‌ರೇ ಏನಿದ್ದರೂ ಹುಡುಕಿ ಕೊಡಿ. ವರ್ಷಗಳಿಂದ ಕಲೆ ಬದಲಾಗಿಲ್ಲ ಎಂದು ತೋರಿಸಲು ಹಳೆಯ ಫಿಲಂನಷ್ಟು ಒಳ್ಳೆಯ ಸಾಕ್ಷಿ ಇಲ್ಲ. ಮತ್ತು ಅಪ್ಪನ ಮೇಲೆ ರೇಗಬೇಡಿ. ಆ ತಲೆಮಾರಿನವರಿಗೆ ಆ ಕಾಯಿಲೆಯ ಹೆಸರು ಹೇಳಿದರೆ ಮಗಳ ಮದುವೆಯೇ ನಿಲ್ಲುತ್ತಿದ್ದ ಕಾಲ ಗೊತ್ತಿತ್ತು.

ವೈದ್ಯರ ವರದಿಯಲ್ಲಿ ಎ ವರ್ಗ, ಬಿ ವರ್ಗ ಎಂದಿರುತ್ತದೆ. ಎ ಎಂದರೆ ಪ್ರವೇಶಕ್ಕೆ ಅಡ್ಡಿ: ಹರಡುವ ಸ್ಥಿತಿಯಲ್ಲಿರುವ ಕ್ಷಯ, ಮಾದಕ ವ್ಯಸನ ಮುಂತಾದವು. ಬಿ ಎಂದರೆ ಗಮನಿಸಬೇಕಾದ ಆರೋಗ್ಯ ಸಮಸ್ಯೆ. ಸಕ್ಕರೆ ಕಾಯಿಲೆ, ಬಿಪಿ, ಬೈಪಾಸ್ ಆಗಿರುವುದು ಎ ವರ್ಗಕ್ಕೆ ಬರುವುದಿಲ್ಲ. ಆದರೆ ಚಿಕಿತ್ಸೆಯ ಖರ್ಚನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಸಂದರ್ಶನದಲ್ಲಿ ಕೇಳಬಹುದು. ‘ಮಗ ನೋಡಿಕೊಳ್ಳುತ್ತಾನೆ’ ಎಂಬ ಮಾತಿನ ಹಿಂದೆ ಕಾಗದವೂ ಇರಲಿ: ನಿಮ್ಮ ಆದಾಯದ ದಾಖಲೆ, ಕೊಳ್ಳಲಿರುವ ವಿಮೆಯ ವಿವರ.

ಮೊಹರು ಮಾಡಿದ ಲಕೋಟೆ ಕೊಟ್ಟರೆ ಒಡೆಯಬೇಡಿ. ಎಕ್ಸ್‌ರೇ ಸಿ.ಡಿ. ಕೊಟ್ಟರೆ ಅದು ಕೈಚೀಲದಲ್ಲಿರಲಿ.

5. ಅಮೆರಿಕದಲ್ಲೇ ಅರ್ಜಿ ಹಾಕಿದವರಿಗೆ

ಇಲ್ಲಿ ತಪಾಸಣೆ ಮಾಡುವವರು ‘ಸಿವಿಲ್ ಸರ್ಜನ್’. ಹೆಸರು ಕೇಳಿ ಆಪರೇಷನ್ ಎಂದು ಹೆದರಬೇಕಿಲ್ಲ. ವಲಸೆ ಇಲಾಖೆಯಾದ ಯುಎಸ್‌ಸಿಐಎಸ್‌ನ ಮನ್ನಣೆ ಪಡೆದ ವೈದ್ಯರು ಎಂದಷ್ಟೇ ಅರ್ಥ. ಅವರು ತುಂಬುವ ನಮೂನೆ ಐ-693. 2024ರ ಡಿಸೆಂಬರ್ 2ರಿಂದ ಇದನ್ನು ಐ-485 ಜೊತೆಗೇ ಕಳಿಸಬೇಕು. ಮೊದಲಿನಂತೆ ‘ಆಮೇಲೆ ಕೊಡುತ್ತೇವೆ’ ಎಂದರೆ ಅರ್ಜಿಯನ್ನೇ ಹಿಂದಿರುಗಿಸಬಹುದು. 2025ರ ಜೂನ್‌ನಿಂದ ಇನ್ನೊಂದು ನಿಯಮವಿದೆ: ಯಾವ ಅರ್ಜಿಯ ಜೊತೆ ಕೊಟ್ಟಿರೋ ಆ ಅರ್ಜಿ ತಿರಸ್ಕೃತವಾದರೆ ಅಥವಾ ಹಿಂತೆಗೆದುಕೊಂಡರೆ ಆ ವರದಿಯೂ ಮುಗಿಯಿತು, ಹೊಸ ಅರ್ಜಿಗೆ ಹೊಸ ತಪಾಸಣೆ.

ಇಲ್ಲಿ ಎಕ್ಸ್‌ರೇಗಿಂತ ಮೊದಲು ಇಗ್ರಾ ರಕ್ತಪರೀಕ್ಷೆ ಮಾಡುತ್ತಾರೆ. ಎಂಎಂಆರ್, ಸೀತಾಳೆ ಸಿಡುಬಿನಂಥ ಜೀವಂತ ಲಸಿಕೆಗಳನ್ನು ಹಾಕಿಸಿಕೊಂಡ ಕೂಡಲೇ ಇಗ್ರಾ ಮಾಡಿದರೆ ಫಲಿತಾಂಶ ತಪ್ಪಬಹುದು. ಎರಡನ್ನೂ ಒಂದೇ ದಿನ ಮಾಡಿಸಿ, ಇಲ್ಲವೇ ಲಸಿಕೆಯ ನಂತರ ನಾಲ್ಕು ವಾರ ಬಿಡಿ. ಗರ್ಭಿಣಿಯರಿಗೆ ಈ ಜೀವಂತ ಲಸಿಕೆಗಳನ್ನು ಕೊಡುವುದಿಲ್ಲ. ವೈದ್ಯರು ಅದನ್ನು ನಮೂದಿಸಿದರೆ ಸಾಕು. ಎಚ್-1ಬಿ ಉದ್ಯೋಗ ವೀಸಾದಲ್ಲಿರುವ ಎಳೆಯ ಕುಟುಂಬಗಳಿಗೂ ಈ ಹಂತ ಅನ್ವಯ. ಕರ್ನಾಟಕದಲ್ಲಿ ಹುಟ್ಟಿದ ಮಗುವಿನ ‘ತಾಯಿ ಕಾರ್ಡ್’ ಇದ್ದರೆ ಲಸಿಕೆಯ ದಿನಾಂಕಗಳು ಅದರಲ್ಲಿರುತ್ತವೆ. ತಂದುಕೊಳ್ಳಿ, ಇಲ್ಲದಿದ್ದರೆ ಮಗುವಿಗೆ ಮತ್ತೆ ಚುಚ್ಚಿಸಬೇಕಾಗುತ್ತದೆ.

ಪ್ರಯಾಣದ ವಿಷಯದಲ್ಲಿ ಈ ದಾರಿ ಬಲು ಕಟ್ಟುನಿಟ್ಟು. ಐ-485 ಬಾಕಿಯಿರುವಾಗ ‘ಅಡ್ವಾನ್ಸ್ ಪೆರೋಲ್’ (ಹೊರಗೆ ಹೋಗಿ ಮರಳಲು ಮುಂಗಡ ಅನುಮತಿ, ಐ-131 ನಮೂನೆಯಲ್ಲಿ ಕೇಳುವುದು) ಕೈಯಲ್ಲಿಲ್ಲದೆ ದೇಶ ಬಿಟ್ಟರೆ ಅರ್ಜಿಯನ್ನು ಕೈಬಿಟ್ಟಂತೆ. ಎಚ್-1, ಎಚ್-4, ಎಲ್-1, ಎಲ್-2 (ಉದ್ಯೋಗಿಗಳ ಮತ್ತು ಅವರ ಕುಟುಂಬದವರ ವೀಸಾಗಳು) ಸ್ಥಿತಿಯಲ್ಲಿದ್ದು ಅದೇ ವೀಸಾದಲ್ಲಿ ಮರಳುವವರಿಗೆ ವಿನಾಯಿತಿ ಇದೆ. ಪ್ರವಾಸಿ ವೀಸಾದಲ್ಲಿ ಬಂದ ಹೆತ್ತವರಿಗೆ ಇಲ್ಲ. ಅನುಮತಿಯ ಅರ್ಜಿ ಹಾಕಿದರೆ ಸಾಲದು, ಮಂಜೂರಾಗಿ ಕೈಸೇರಬೇಕು. ಊರಿನಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದಾರೆ, ಅಣ್ಣನ ಮಗನ ಮದುವೆಯಿದೆ ಎಂಬಂಥ ಸನ್ನಿವೇಶಗಳನ್ನು ಅರ್ಜಿ ಹಾಕುವ ಮೊದಲೇ ಯೋಚಿಸಿ. ತುರ್ತು ಇದ್ದರೆ ಆಸ್ಪತ್ರೆಯ ಕಾಗದಗಳೊಂದಿಗೆ ತುರ್ತು ಅನುಮತಿ ಕೇಳಬಹುದು, ಆದರೆ ಸಿಕ್ಕೇ ಸಿಗುತ್ತದೆಂಬ ಭರವಸೆಯಿಲ್ಲ.

6. ವೀಸಾ ಬಂದ ಮೇಲೆ ಮೊದಲ ಪ್ರಯಾಣ

ವೀಸಾದ ಮೇಲಿನ ಕೊನೆಯ ದಿನಾಂಕದೊಳಗೆ ಅಮೆರಿಕದ ನೆಲ ಮುಟ್ಟಬೇಕು. ಹೊರಡುವ ಮೊದಲು ಯುಎಸ್‌ಸಿಐಎಸ್‌ನ ವಲಸಿಗ ಶುಲ್ಕ ಕಟ್ಟಿ. 2024ರ ಏಪ್ರಿಲ್‌ನಿಂದ ಅದು 235 ಡಾಲರ್. ಕಟ್ಟದಿದ್ದರೂ ಒಳಗೆ ಬಿಡುತ್ತಾರೆ, ಆದರೆ ಕಾರ್ಡ್ ಬರುವುದಿಲ್ಲ. ‘ಎರಡು ತಿಂಗಳಾಯಿತು, ಕಾರ್ಡ್ ಇನ್ನೂ ಬಂದಿಲ್ಲ’ ಎನ್ನುವವರಿಗೆ ನಾನು ಮೊದಲು ಕೇಳುವುದು ಈ ಶುಲ್ಕದ ಬಗ್ಗೆಯೇ.

ವಿಮಾನ ನಿಲ್ದಾಣದಲ್ಲಿ ಅಧಿಕಾರಿ ವೀಸಾದ ಪುಟಕ್ಕೆ ಮುದ್ರೆ ಒತ್ತಿದ ಕ್ಷಣದಿಂದ ಅವರು ಖಾಯಂ ನಿವಾಸಿಗಳು. ಆ ಮುದ್ರೆಯಿರುವ ವೀಸಾ ಒಂದು ವರ್ಷದವರೆಗೆ ಗ್ರೀನ್ ಕಾರ್ಡಿನ ಬದಲಿಗೆ ನಡೆಯುತ್ತದೆ. ಕಾರ್ಡ್ ಬರುವ ಮೊದಲೇ ಊರಿಗೆ ಹೋಗಬೇಕಾಗಿ ಬಂದರೆ ಇದರ ಮೇಲೆ ಮರಳಬಹುದು. ಮುದ್ರೆ ಬಿತ್ತೇ ಎಂದು ಕೌಂಟರ್ ಬಿಡುವ ಮೊದಲೇ ನೋಡಿಕೊಳ್ಳಲು ಹೇಳಿ.

ಔಷಧಗಳು ಮೂಲ ಪೊಟ್ಟಣದಲ್ಲೇ, ಇಂಗ್ಲಿಷಿನಲ್ಲಿರುವ ವೈದ್ಯರ ಚೀಟಿಯೊಂದಿಗೆ ಇರಲಿ. ಸುಮಾರು ಮೂರು ತಿಂಗಳಿಗೆ ಆಗುವಷ್ಟು ತನ್ನಿ. ಅವು ಕೈಚೀಲದಲ್ಲೇ ಇರಬೇಕು, ದೊಡ್ಡ ಸೂಟ್‌ಕೇಸಿನಲ್ಲಿ ಬೇಡ.

7. ಊರಿಗೆ ಹೋಗಿಬರುವ ಲೆಕ್ಕ

ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿ.

ಊರಿಗೆ ಹೋದ ಹೆತ್ತವರು 180 ದಿನಗಳೊಳಗೆ ಮರಳಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. 180 ದಿನ ದಾಟಿದರೆ ಕಾನೂನಿನ ಕಣ್ಣಿನಲ್ಲಿ ಅವರು ಹೊಸದಾಗಿ ಪ್ರವೇಶ ಕೇಳುವವರಂತೆ. ಪ್ರಶ್ನೆಗಳು ಹೆಚ್ಚುತ್ತವೆ, ಪೌರತ್ವಕ್ಕೆ ಬೇಕಾದ ನಿರಂತರ ವಾಸವೂ ತುಂಡಾಯಿತೆಂದು ಭಾವಿಸುತ್ತಾರೆ. ಇಲ್ಲವೆಂದು ತೋರಿಸುವ ಹೊಣೆ ನಿಮ್ಮದು. ಒಂದು ವರ್ಷ ದಾಟಿದರೆ ಗ್ರೀನ್ ಕಾರ್ಡ್ ಒಂದರಿಂದಲೇ ಮರಳಲು ಬರುವುದಿಲ್ಲ.

ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇದು: ದಿನಗಳ ಎಣಿಕೆ ಅರ್ಧ ಲೆಕ್ಕ ಮಾತ್ರ. ಐದು ತಿಂಗಳು ಊರು, ಮೂರು ವಾರ ಅಮೆರಿಕ, ಮತ್ತೆ ಐದು ತಿಂಗಳು ಊರು ಎಂದು ಓಡಾಡುವವರು ಒಮ್ಮೆಯೂ 180 ದಿನ ದಾಟಿರುವುದಿಲ್ಲ. ಆದರೂ ‘ನಿಮ್ಮ ಮನೆ ಯಾವುದು?’ ಎಂದು ಅಧಿಕಾರಿ ಕೇಳಬಹುದು, ಕೇಳಿದ್ದಾರೆ. ಆಗ ನಿಮ್ಮ ಪರ ನಿಲ್ಲುವುದು ಇಲ್ಲಿನ ವಿಳಾಸ, ಇಲ್ಲಿನ ಬ್ಯಾಂಕ್ ಖಾತೆ, ರಾಜ್ಯದ ಗುರುತಿನ ಚೀಟಿ, ಆರೋಗ್ಯ ವಿಮೆ, ನಿವಾಸಿಯಾಗಿ ಸಲ್ಲಿಸಿದ ತೆರಿಗೆ ವಿವರ. ತೆರಿಗೆಯಲ್ಲಿ ದುಡ್ಡು ಉಳಿಯಲೆಂದು ಅನಿವಾಸಿ ನಮೂನೆಯಲ್ಲಿ ವಿವರ ಸಲ್ಲಿಸಿದರೆ ‘ನಾನು ಇಲ್ಲಿಯವನಲ್ಲ’ ಎಂದು ನೀವೇ ಬರೆದುಕೊಟ್ಟ ಹಾಗೆ. ಊರಿನ ಬ್ಯಾಂಕ್ ಖಾತೆ ಮತ್ತು ಠೇವಣಿಗಳೆಲ್ಲ ಸೇರಿ ವರ್ಷದಲ್ಲಿ ಯಾವಾಗಲಾದರೂ 10,000 ಡಾಲರ್ ದಾಟಿದರೆ ಅದನ್ನು ಎಫ್‌ಬಾರ್ ಎಂಬ ವರದಿಯಲ್ಲಿ ತಿಳಿಸುವುದೂ ಹೆತ್ತವರ ಕರ್ತವ್ಯ.

ಹೆಚ್ಚು ಕಾಲ ಊರಿನಲ್ಲಿರಬೇಕೆಂದು ಮೊದಲೇ ಗೊತ್ತಿದ್ದರೆ ‘ರೀ-ಎಂಟ್ರಿ ಪರ್ಮಿಟ್’ ಪಡೆಯಿರಿ. ಇದೂ ಐ-131 ನಮೂನೆಯೇ. ಎರಡು ವರ್ಷದವರೆಗೆ ಸಿಗುತ್ತದೆ. ಅರ್ಜಿ ಹಾಕುವಾಗ ಅವರು ಅಮೆರಿಕದ ನೆಲದಲ್ಲೇ ಇರಬೇಕು, ಬೆರಳಚ್ಚು ಕೊಡಲು ಕರೆದ ದಿನವೂ ಇಲ್ಲಿರಬೇಕು. ಆಮೇಲೆ ಹೊರಡಬಹುದು, ಪರ್ಮಿಟ್ಟನ್ನು ಭಾರತದಲ್ಲಿರುವ ಅಮೆರಿಕನ್ ಕಾನ್ಸುಲೇಟ್‌ಗೆ ಕಳಿಸುವಂತೆ ಅರ್ಜಿಯಲ್ಲೇ ಕೇಳಬಹುದು. ಭಾರತದಿಂದ ಇದನ್ನು ನವೀಕರಿಸಲು ಬರುವುದಿಲ್ಲ. ಇದು ಗ್ರೀನ್ ಕಾರ್ಡನ್ನು ಕಾಯುತ್ತದೆ, ಪೌರತ್ವದ ಲೆಕ್ಕವನ್ನು ಕಾಯುವುದಿಲ್ಲ. ಹೊರಡುವ ದಿನಕ್ಕಿಂತ ಕನಿಷ್ಠ ಎರಡು ತಿಂಗಳು ಮೊದಲು ಅರ್ಜಿ ಹಾಕಿ.

8. ಲೆಕ್ಕ ತಪ್ಪಿದಾಗ

ಅಪ್ಪ ಬಿದ್ದು ಸೊಂಟದ ಮೂಳೆ ಮುರಿಯಿತು, ವರ್ಷ ಮೀರಿತು, ಪರ್ಮಿಟ್ ಇಲ್ಲ. ಇಂಥ ಸಂದರ್ಭಕ್ಕೆ ಎಸ್‌ಬಿ-1 ಎಂಬ ‘ಮರಳುವ ನಿವಾಸಿ’ ವೀಸಾ ಇದೆ. ಮರಳುವ ಮನಸ್ಸಿನಿಂದಲೇ ಹೊರಟಿದ್ದರು, ಕೈಮೀರಿದ ಕಾರಣದಿಂದ ತಡವಾಯಿತು ಎಂದು ತೋರಿಸಬೇಕು. ಆಸ್ಪತ್ರೆಯ ಪ್ರತಿ ಕಾಗದವನ್ನೂ, ರದ್ದುಮಾಡಿದ ಮರುಪ್ರಯಾಣದ ಟಿಕೆಟನ್ನೂ ಇಟ್ಟುಕೊಳ್ಳಿ. ಒಪ್ಪಿದರೆ ಮೆಡಿಕಲ್ ತಪಾಸಣೆ ಮತ್ತೊಮ್ಮೆ ಆಗುತ್ತದೆ. ಒಪ್ಪದಿದ್ದರೂ ಬಾಗಿಲು ಮುಚ್ಚಿತೆಂದಲ್ಲ. ನೀವು ಹೊಸದಾಗಿ ಐ-130 ಹಾಕಬಹುದು.

ಕಾರ್ಡ್ ಊರಿನಲ್ಲಿ ಕಳೆದುಹೋದರೆ ಠಾಣೆಯಲ್ಲಿ ದೂರು ಕೊಟ್ಟು, ಐ-131ಎ ನಮೂನೆಗೆ ಆನ್‌ಲೈನ್‌ನಲ್ಲಿ ಶುಲ್ಕ ಕಟ್ಟಿ, ಖುದ್ದಾಗಿ ಅಮೆರಿಕನ್ ಕಾನ್ಸುಲೇಟ್‌ಗೆ ಹೋಗಬೇಕು. ವಿಮಾನ ಹತ್ತಲು ಬೇಕಾದ ಅನುಮತಿ ಅಲ್ಲಿ ಸಿಗುತ್ತದೆ. ಕಾರ್ಡಿನ ಎರಡೂ ಬದಿಯ ಫೋಟೋ ನಿಮ್ಮ ಮೊಬೈಲಿನಲ್ಲೂ ಇರಲಿ.

ಇನ್ನು ಐ-407. ಇದು ಗ್ರೀನ್ ಕಾರ್ಡನ್ನು ಸ್ವಂತ ಇಚ್ಛೆಯಿಂದ ಬಿಟ್ಟುಕೊಡುವ ನಮೂನೆ. ಹದಿನೆಂಟು-ಇಪ್ಪತ್ತು ಗಂಟೆ ಪ್ರಯಾಣ ಮಾಡಿ ದಣಿದ ಹಿರಿಯರ ಮುಂದೆ ಅಧಿಕಾರಿ ಈ ಹಾಳೆಯನ್ನು ಇಟ್ಟರೆ, ಅರ್ಥವಾಗದೆ ಸಹಿ ಹಾಕಿಬಿಡುತ್ತಾರೆ. ಸಹಿ ಹಾಕಲೇಬೇಕೆಂಬ ಕಡ್ಡಾಯವಿಲ್ಲ. ವಲಸೆ ನ್ಯಾಯಾಧೀಶರ ಮುಂದೆ ವಿಚಾರಣೆ ಕೇಳುವ ಹಕ್ಕು ಅವರಿಗಿದೆ. ‘ಓದದ, ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ, ಕನ್ನಡದ ದುಭಾಷಿ ಬೇಕೆಂದು ಕೇಳಿ’ ಎಂದು ಹೊರಡುವ ಮುನ್ನ ಹೇಳಿ. ನಿಮ್ಮ ಫೋನ್ ಸಂಖ್ಯೆಯನ್ನು ಕಾಗದದ ಮೇಲೆ ಬರೆದು ಪಾಸ್‌ಪೋರ್ಟಿನೊಳಗೆ ಇಡಿ. ಇನ್ನು ಇಲ್ಲಿ ನೆಲೆಸುವುದಿಲ್ಲವೆಂದು ಹೆತ್ತವರೇ ತೀರ್ಮಾನಿಸಿದರೆ ಆಗ ಇದೇ ನಮೂನೆ ಗೌರವದ ದಾರಿ; ಬಿಟ್ಟುಕೊಟ್ಟ ಮೇಲೆ ಪ್ರವಾಸಿ ವೀಸಾ ಕೇಳಬಹುದು.

9. ತವರಿನಲ್ಲಿ ಹೆರಿಗೆಯಾದರೆ

ಇದು ಹೆತ್ತವರ ವಿಷಯವಲ್ಲ, ಆದರೆ ಹೆಣ್ಣುಮಕ್ಕಳು ಇದನ್ನು ಕೇಳುತ್ತಲೇ ಇರುತ್ತಾರೆ. ಗ್ರೀನ್ ಕಾರ್ಡ್ ಇರುವ ತಾಯಿ ಬಾಣಂತನಕ್ಕೆಂದು ತವರಿಗೆ ಹೋಗಿ ಅಲ್ಲಿ ಮಗು ಹುಟ್ಟಿದರೆ, ಆ ಮಗುವಿಗೆ ವೀಸಾ ಇಲ್ಲದೆಯೇ ಖಾಯಂ ನಿವಾಸಿಯಾಗಿ ಪ್ರವೇಶ ಸಿಗುತ್ತದೆ. ಷರತ್ತುಗಳಿವೆ: ಮಗುವಿಗೆ ಎರಡು ವರ್ಷ ತುಂಬುವ ಮೊದಲು ಬರಬೇಕು, ತಾಯಿ ಹೆರಿಗೆಯ ನಂತರ ಮೊದಲ ಬಾರಿಗೆ ಮರಳುವಾಗ ಮಗು ಜೊತೆಯಲ್ಲೇ ಇರಬೇಕು, ತಾಯಿಯ ಗ್ರೀನ್ ಕಾರ್ಡ್ ಸ್ಥಿತಿ ಸರಿಯಾಗಿರಬೇಕು. ಮಗುವನ್ನು ಅಜ್ಜಿಯ ಬಳಿ ಬಿಟ್ಟು ಕೆಲಸಕ್ಕೆಂದು ತಾಯಿ ಒಬ್ಬಳೇ ಒಮ್ಮೆ ಬಂದುಹೋದರೆ ಈ ಅವಕಾಶ ಕೈತಪ್ಪುತ್ತದೆ. ಮಗುವಿನ ಪಾಸ್‌ಪೋರ್ಟ್, ತಾಯಿಯ ಹೆಸರಿರುವ ಜನನ ಪ್ರಮಾಣಪತ್ರ ಬೇಕು. ವಿಮಾನ ಸಂಸ್ಥೆಯ ಕೌಂಟರಿನಲ್ಲಿ ಎಲ್ಲರಿಗೂ ಈ ನಿಯಮ ಗೊತ್ತಿರುವುದಿಲ್ಲ. ನಿಯಮದ ಸಂಖ್ಯೆ 8 ಸಿಎಫ್‌ಆರ್ 211.1; ಅದರ ಪ್ರತಿಯನ್ನು ಮುದ್ರಿಸಿ ಕೈಯಲ್ಲಿಟ್ಟುಕೊಳ್ಳಿ, ವಿಮಾನ ನಿಲ್ದಾಣಕ್ಕೆ ಮಾಮೂಲಿಗಿಂತ ಎರಡು ಗಂಟೆ ಮೊದಲೇ ಹೋಗಿ.

10. ಆರೋಗ್ಯ ವಿಮೆ

ಪ್ರವಾಸಿಗರಿಗೆಂದು ಮಾರುವ ವಿಮೆಯನ್ನು ನಂಬಿ ಹೆತ್ತವರನ್ನು ಕೂರಿಸಬೇಡಿ. ಖಾಯಂ ನಿವಾಸಿಯಾಗಿ ಬಂದ ದಿನದಿಂದ 60 ದಿನಗಳೊಳಗೆ ಸರ್ಕಾರಿ ವಿಮಾ ಮಾರುಕಟ್ಟೆಯಲ್ಲಿ ಪಾಲಿಸಿ ಕೊಳ್ಳಲು ವಿಶೇಷ ಅವಕಾಶವಿದೆ. ಆ ಗಡುವು ತಪ್ಪಿದರೆ ವರ್ಷದ ಸಾಮಾನ್ಯ ನೋಂದಣಿ ಕಾಲಕ್ಕೆ ಕಾಯಬೇಕು. ಹಿರಿಯರ ವಿಮೆಯಾದ ಮೆಡಿಕೇರ್, 65 ದಾಟಿದ್ದರೂ, ಐದು ವರ್ಷ ನಿರಂತರವಾಗಿ ಖಾಯಂ ನಿವಾಸಿಯಾಗಿದ್ದ ಮೇಲೆಯೇ. ಇಲ್ಲಿ ದುಡಿದು ತೆರಿಗೆ ಕಟ್ಟದ ಹೆತ್ತವರು ಆಸ್ಪತ್ರೆಯ ಭಾಗಕ್ಕೂ ತಿಂಗಳ ಕಂತು ತೆರಬೇಕು.

ಊರಿನ ಆರೋಗ್ಯ ವಿಮೆಯನ್ನು ‘ಇನ್ನೇಕೆ’ ಎಂದು ನಿಲ್ಲಿಸಬೇಡಿ. ಇಲ್ಲಿನ ವಿಮೆ ಸಾಮಾನ್ಯವಾಗಿ ಭಾರತದಲ್ಲಿ ನಡೆಯುವುದಿಲ್ಲ. ಎಪ್ಪತ್ತರ ವಯಸ್ಸಿನಲ್ಲಿ, ಸಕ್ಕರೆ ಕಾಯಿಲೆ ಇಟ್ಟುಕೊಂಡು, ಊರಿನಲ್ಲಿ ಹೊಸ ಪಾಲಿಸಿ ಕೇಳಿದರೆ ಕೊಡುವವರು ಕಡಿಮೆ, ಕೊಟ್ಟರೂ ಹಳೆಯ ಕಾಯಿಲೆಗಳಿಗೆ ವರ್ಷಗಟ್ಟಲೆ ಕಾಯಿಸುತ್ತಾರೆ. ಹೆತ್ತವರು ವಿಮಾನ ಹತ್ತುವ ಮೊದಲು ಆ ವರ್ಷದ ಕಂತನ್ನು ನೀವೇ ಕಟ್ಟಿಬಿಡಿ.